ಬೋರ್ಡಿಲ್ಲದ ಕೇರಂ ಸಂಘ

“ಕೇರಂ ಸಂಘ ಅಂತೀರಿ. ಒಂದೂ ಕೇರಂ ಬೋರ್ಡ್ ಇಲ್ವಲ್ರೀ?” ಖಾಲಿ ಕೋಣೆಯ ನಟ್ಟನಡುವೆ ನಿಂತು ಕೇಳಿದರು ನಗರಸಭೆಯ ಅನುದಾನದ ಅಧಿಕಾರಿ.

ಸಂಘದ ಅಧ್ಯಕ್ಷ, ಅಂದರೆ ಬೀದಿ ಕೊನೆಯ ಕ್ಷೌರದಂಗಡಿಯವನು, ತಲೆ ಕೆರೆದುಕೊಂಡ. ಕೋಣೆಯಲ್ಲಿ ಸ್ಟೂಲುಗಳಿದ್ದವು, ಬೋರ್ಡ್ ಇಡುವ ಸ್ಟ್ಯಾಂಡುಗಳಿದ್ದವು, ಮೇಲಿನಿಂದ ಇಳಿಬಿಟ್ಟ ದೀಪಗಳಿದ್ದವು. ಮದುವೆಗೆ ಊರೆಲ್ಲ ಬಂದು ಗಂಡೊಬ್ಬನೇ ಬಾರದ ಹಾಗಿತ್ತು. “ಹೊರಗೆ ಹೋಗಿದಾವೆ, ಮೇಡಂ” ಎಂದ ಮೆಲ್ಲಗೆ.

ಮೇಡಂಗೆ ಕೋಪ ನೆತ್ತಿಗೇರಿತು. ಬಿರುಗಾಳಿಯಲ್ಲಿ ನೊಂದವರಿಗೆ ಕೈಜೋಡಿಸುವ ಸಂಘಗಳಿಗೆ ಅನುದಾನ ಎಂದು ನಗರಸಭೆ ಸಾರಿದ್ದೇ ತಡ, ಸಂಘಗಳು ಅಣಬೆಗಳಂತೆ ಎದ್ದಿದ್ದವು. ನಿನ್ನೆಯಷ್ಟೇ, ಮಾತು ನಂಬಿ ಒಪ್ಪಿಗೆ ಕೊಟ್ಟಿದ್ದ ಒಂದು ಸೇವಾ ಸಂಘವನ್ನು ಹುಡುಕಿಕೊಂಡು ಹೋದರೆ ಅದು ಬೀಗ ಜಡಿದ ಉಗ್ರಾಣವಾಗಿತ್ತು, ಮೇಲಿನವರು ಮೇಡಂ ಬೆವರಿಳಿಸಿದ್ದರು. ಹೆಸರಿಗಷ್ಟೇ ಇರುವ ಸಂಘಕ್ಕೆ ಬಿಡಿಗಾಸೂ ಇಲ್ಲ, ತಪಾಸಣೆಯ ದಿನ ಅದರ ಚಟುವಟಿಕೆ ನಡೆಯುತ್ತಿರಲೇಬೇಕು ಎಂಬುದು ನಿಯಮ. ಈ ಸಂಘದವರು ತಮಗೆಂದು ಏನೂ ಕೇಳಿರಲಿಲ್ಲ ಎಂಬುದೂ ನಿಜ. ಬೀದಿಯ ಮನೆಗಳ ಒಡೆದ ಕಿಟಕಿಗಳಿಗೆ ಗಾಜು ಕೊಡಿಸಿ, ಕೂರಿಸುವ ಕೆಲಸ ನಮ್ಮದು ಎಂದಿದ್ದರು. ಇನ್ನೊಂದು ಗಾಳಿ ಇದೇ ವಾರ ಬರಬಹುದೆಂಬ ಸುದ್ದಿ ಬೇರೆ ಇತ್ತು. ಆದರೆ ಬೋರ್ಡೇ ಇಲ್ಲದ ಕೇರಂ ಸಂಘವನ್ನು ನಂಬುವುದು ಹೇಗೆ?

“ಹೊರಗೆ ಅಂದ್ರೆ? ಮಾರಿಕೊಂಡ್ರಾ?”

“ಅಯ್ಯೋ, ಬಿಡ್ತು ಅನ್ನಿ!” ಅಧ್ಯಕ್ಷ ಕೆನ್ನೆ ಕೆನ್ನೆ ಬಡಿದುಕೊಂಡ. “ಬೋರ್ಡ್ ಮಾರೋದಾ? ನನ್ನ ಹೆಂಡತಿ ಹೇಳ್ತಾಳೆ, ಮನೆಗೆ ಕಳ್ಳ ನುಗ್ಗಿದ್ರೆ ಅವಳನ್ನ ಬಿಟ್ಟು ಬೋರ್ಡ್ ಎತ್ಕೊಂಡು ಓಡ್ತೀನಂತೆ. ಬನ್ನಿ ಮೇಡಂ, ತೋರಿಸ್ತೀನಿ.”

ಬೀದಿಯುದ್ದಕ್ಕೂ ಕಿಟಕಿಗಳಿಗೆ ಹೊರಗಿನಿಂದ ಚೌಕ ಹಲಗೆಗಳನ್ನು ಕಟ್ಟಿದ್ದರು. ಬರುವಾಗಲೂ ಕಂಡಿದ್ದವು, ಯಾರೋ ಪ್ಲೈವುಡ್ ಹಂಚಿರಬೇಕು ಎಂದುಕೊಂಡು ಮೇಡಂ ಸ್ಕೂಟರ್ ಓಡಿಸಿದ್ದರು. ಈಗ ನಿಂತು ನೋಡಿದರು. ಪ್ರತಿ ಹಲಗೆಯ ನಾಲ್ಕು ಮೂಲೆಯಲ್ಲೂ ದುಂಡನೆಯ ತೂತು. ಅವುಗಳೊಳಗಿಂದ ಹಗ್ಗ ತೂರಿಸಿ ಕಿಟಕಿಯ ಸರಳಿಗೆ ಬಿಗಿದು, ಉಳಿದ ಸಂದಿಗೆ ಬಟ್ಟೆ ತುರುಕಲಾಗಿತ್ತು.

“ಇಷ್ಟೆಲ್ಲ ಹಗ್ಗದ ಗೋಜು ಯಾಕೆ? ನಾಲ್ಕು ಮೊಳೆ ಹೊಡೆದಿದ್ರೆ ಆಗ್ತಿತ್ತು.”

ಅಧ್ಯಕ್ಷನ ಮುಖ ನೋಡಬೇಕಿತ್ತು. ಹಸುಗೂಸಿಗೆ ಸೂಜಿ ಚುಚ್ಚು ಎಂದರೂ ಅಷ್ಟು ಬೆಚ್ಚುತ್ತಿರಲಿಲ್ಲ. “ಬೋರ್ಡಿಗೆ ಮೊಳೆನಾ, ಮೇಡಂ? ಗಾಳಿ ಹೊಡೆದ ರಾತ್ರಿ ಎಲ್ಲರ ಮನೆಗೂ ನೀರು ನುಗ್ತಿತ್ತು. ಗಾಜಿನಂಗಡಿಯವನು ಕೈಯೆತ್ತಿಬಿಟ್ಟ. ನಮ್ಮೋರೆಲ್ಲ ಬೋರ್ಡ್ ಹೊತ್ಕೊಂಡು ಓಡಿದ್ರು. ಮೊಳೆ ಹೊಡೆಯೋಕೆ ಮಾತ್ರ ಒಬ್ಬನಿಗೂ ಕೈ ಬರಲಿಲ್ಲ. ಮೂಲೆ ಬಲೆ ಬಿಚ್ಚಿ ಹಗ್ಗ ಹಾಕಿದ್ವಿ. ಆಟದ ಮುಖ ಒಳಗೆ, ಬೆನ್ನು ಮಳೆಗೆ. ಅದ್ಕೇ ಹೊರಗಿನೋರಿಗೆ ಗೊತ್ತಾಗಲ್ಲ.”

ಮಾತನ್ನು ನಂಬಿ ಮೋಸಹೋದವರು ಮೇಡಂ. ಒಳಗಿಂದಲೂ ನೋಡಲೇಬೇಕು ಎಂದರು. ಅಧ್ಯಕ್ಷ ಹತ್ತಿರದ ಮನೆಯ ಬಾಗಿಲು ತಟ್ಟಿದ. ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿಯೊಬ್ಬಳು ತೆರೆದಳು.

ಕೋಣೆ ಹಗಲಲ್ಲೂ ಮಬ್ಬಾಗಿತ್ತು. ಮಗುವಿನ ತೊಟ್ಟಿಲು ಕಿಟಕಿಗೆ ಒತ್ತಿಕೊಂಡೇ ಇತ್ತು. ಬೇರೆ ಕಡೆ ಜಾಗವಿರಲಿಲ್ಲ. ಸರಳುಗಳ ಆಚೆ ಕೇರಂ ಬೋರ್ಡ್ ಇಡೀ ಮುಖ ತೋರಿಸಿಕೊಂಡು ನಿಂತಿತ್ತು: ಕೆಂಪು ನಡುವೃತ್ತ, ಕಪ್ಪು ಗೆರೆಗಳು, ಮೂಲೆಯ ಬಾಣಗಳು. ತೊಟ್ಟಿಲ ಹಾಸಿಗೆ ಬೆಚ್ಚಗೆ ಒಣಗಿತ್ತು. ಮೇಡಂ ಸರಳಿನ ನಡುವೆ ಕೈ ತೂರಿಸಿ ಬೋರ್ಡನ್ನು ಮುಟ್ಟಿದರು. ಮಳೆಗೆ ಮೈಯೊಡ್ಡಿದ ಹಲಗೆ ಒರಟಾಗಿರಬೇಕಿತ್ತು. ಬೆರಳು ಸರ್ರನೆ ಜಾರಿತು. ಕೈ ಹಿಂದಕ್ಕೆ ತೆಗೆದರೆ ಬೆರಳೆಲ್ಲ ಬೆಳ್ಳಗಾಗಿತ್ತು.

“ಇದೇನಮ್ಮಾ?”

ತಾಯಿ ನಾಚಿಕೊಂಡಳು. “ಮಗೂಗೆ ಹಾಕೋ ಪೌಡರು. ಸ್ನಾನ ಆದ್ಮೇಲೆ ಅವಳಿಗೆ ಹಾಕಿ, ಬೋರ್ಡನ್ನೂ ಒರೆಸಿ ಒಂಚೂರು ಸವರ್ತೀನಿ. ಎಲ್ಲ ಮನೇಲೂ ಹಂಗೇ ಮಾಡ್ತೀವಿ. ಅಣ್ಣಂದಿರು ಆಟ ಬಿಟ್ಟು ನಮಗೆ ಕೊಟ್ಟಿದಾರೆ. ವಾಪಸ್ ಹೋದಾಗ ಕಾಯಿ ಓಡದೆ ಇದ್ರೆ ಚೆನ್ನಾಗಿರುತ್ತಾ?”

ಅಧ್ಯಕ್ಷನಿಗೆ ಇದು ಗೊತ್ತೇ ಇರಲಿಲ್ಲ. ಅವನು ಬೋರ್ಡನ್ನು ನೋಡಿದ, ತಾಯಿಯನ್ನು ನೋಡಿದ, ಆಮೇಲೆ ಗೋಡೆಯ ಕಡೆ ತಿರುಗಿ ಸುಮ್ಮನೆ ಮೂಗೊರೆಸಿಕೊಂಡ. ಈ ಬೀದಿಯವರ ಮೇಲೆ ಮೇಡಂಗೆ ಅಕ್ಕರೆ ಉಕ್ಕಿತು, ತಾವು ಕೇಳಿದ ಪ್ರಶ್ನೆ ನೆನೆದು ನಾಚಿಕೆಯೂ ಆಯಿತು.

ಹೊರಗೆ ಬಂದು ಸ್ಕೂಟರಿನ ಸೀಟಿನ ಮೇಲೆ ಅರ್ಜಿ ಹರಡಿದರು. ಅಧ್ಯಕ್ಷ ಉಸಿರು ಬಿಗಿಹಿಡಿದು ಪಕ್ಕದಲ್ಲೇ ನಿಂತ. ‘ತಪಾಸಣೆಯ ದಿನ ಸಂಘದ ಚಟುವಟಿಕೆ ನಡೆಯುತ್ತಿದೆಯೇ?’ ಎಂಬ ಸಾಲಿನ ಮುಂದೆ ಮೇಡಂ ‘ಮನೆಮನೆಯಲ್ಲೂ’ ಎಂದು ಬರೆದು ಕೆಳಗೆ ಸಹಿ ಹಾಕಿದರು. ಸಹಿಯ ಪಕ್ಕದಲ್ಲಿ ಅವರ ಬೆರಳಿನ ಬಿಳಿ ಗುರುತು ಮೂಡಿತ್ತು. ಊದಲೆಂದು ಬಾಯಿ ಹತ್ತಿರ ತಂದವರು, ಹಾಗೆಯೇ ಬಿಟ್ಟು ಕಾಗದವನ್ನು ಮಡಚಿಟ್ಟರು.