ಮಿಲಿಟ್ರಿ ಕಾಲು

ಶಿರಾದಿಂದ ಬಸ್ಸಿನಲ್ಲಿ ಬಂದ ಪಾರ್ಸಲ್ಲು ಬಿಚ್ಚಿದರೆ ಒಳಗೆ ನಾಲ್ಕು ಮೇಕೆ ಕಾಲು. ಸುಟ್ಟು, ಕೆರೆದು, ಬಾಳೆಎಲೆಯಲ್ಲಿ ಒಪ್ಪವಾಗಿ ಸುತ್ತಿದ್ದರು. ಮಾಜಿ ಸೈನಿಕ ನರಸಿಂಹರಾಜು ಅವನ್ನೂ ನೋಡಿದರು, ಅಂಗಳದಲ್ಲಿ ಮೂತಿ ನೆಲಕ್ಕೂರಿ ನಿಂತಿದ್ದ ತಮ್ಮ ಹಳೇ ಮಿಲಿಟರಿ ಟ್ರೈಲರನ್ನೂ ನೋಡಿದರು. ಅದಕ್ಕೆ ಚಕ್ರ ಎರಡೇ. ಎಳೆಯುವ ಗಾಡಿ ಬಿಚ್ಚಿಕೊಂಡು ಹೋದರೆ ಮುಂದಿನ ಭಾರ ಹೊರುವುದಕ್ಕೆ ಒಂದು ಕಬ್ಬಿಣದ ಕಾಲಿರುತ್ತದೆ. ಅದು ಮುರಿದಿತ್ತು.

"ಲೇ ಅಶ್ವತ್ಥ, ಫೋನಲ್ಲಿ ಏನಂತ ಕೇಳ್ದೆ ಕಣ್ಲಾ?"

ದೊಡ್ಡೇರಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಅಶ್ವತ್ಥ ತಲೆ ಕೆರೆದುಕೊಂಡ. "ಶಿರಾದಲ್ಲಿ ಮಿಲಿಟ್ರಿ ಎಲ್ಲೈತೆ ಅಂತ ಕಂಡಕ್ಟರ್‌ನ ಕೇಳ್ದೆ, ನಂಬರ್ ಕೊಟ್ಟ. ಕಾಲು ಐತಾ ಅಂದೆ. ಐತೆ ಅಂದ್ರು. ಜಿಡ್ಡೆಲ್ಲ ತೆಗ್ದು ಕಳ್ಸಿ ಅಂದೆ. ಸುಟ್ಟು ಕೆರೆದೇ ಕಳಿಸ್ತೀವಿ ಅಂದ್ರು. ಹಳೇ ಪೇಂಟು ಸುಡ್ತಾರೇನೋ ಅನ್ಕಂಡೆ ಕಣಣ್ಣ."

"ಗಟ್ಟಿ ಐತಾ ಅಂತ ಕೇಳ್ಲಿಲ್ವಾ?"

"ಕೇಳ್ದೆ. ನಾಲ್ಕು ವಿಶಲ್ ಕೂಗ್ಸಿದ್ರೆ ಸರೋಗ್ತದೆ ಅಂದ್ರು. ಅದೊಂದು ನಂಗೂ ಅರ್ಥ ಆಗ್ಲಿಲ್ಲ."

ಮಿಲಿಟ್ರಿ ಎಂದರೆ ಮಾಂಸದೂಟದ ಹೋಟೆಲು ಎಂಬುದು ಈ ಸೀಮೆಯ ಕೂಸಿಗೂ ಗೊತ್ತು. ಅಶ್ವತ್ಥನೇ ವಾರಕ್ಕೆರಡು ಸಲ ಅಲ್ಲಿ ಉಂಡು ಕೈ ನೆಕ್ಕಿಕೊಂಡು ಬರುತ್ತಾನೆ. ಆದರೆ ಹದಿನೈದು ದಿನದಿಂದ ಆ ಒಂದು ಕಾಲು ಹುಡುಕಿ ಹುಡುಕಿ ಅವನ ಬುದ್ಧಿ ಮಂಕಾಗಿತ್ತು. ಪಾವಗಡದ ಗುಜರಿಯವನು "ಲೇದು ಸಾರ್" ಎಂದು ಕೈಯಾಡಿಸಿದ್ದ. ಕೊರಟಗೆರೆಯವನು ಸ್ಕೂಟರ್ ಸ್ಟ್ಯಾಂಡು ತೋರಿಸಿ ಇದೇ ಹಾಕ್ಕೊಳಿ ಅಂದಿದ್ದ. ಅಶ್ವತ್ಥ ತಾನೇ ಬೋರ್‌ವೆಲ್ ಪೈಪು ಬೆಸುಗೆ ಹಾಕಿಕೊಡ್ತೀನಿ ಎಂದರೆ ನರಸಿಂಹರಾಜು ಒಪ್ಪರು. ಸೈನ್ಯದಲ್ಲಿ ಹದಿನೇಳು ವರ್ಷ ಇಂಥದ್ದನ್ನೇ ಎಳೆದ ಡ್ರೈವರ್ ಅವರು. ಹರಾಜಿನಲ್ಲಿ ಹಿಡಿದು ತಂದು, ಅಮಾವಾಸ್ಯೆಗೊಮ್ಮೆ ಗ್ರೀಸು, ವರ್ಷಕ್ಕೊಮ್ಮೆ ಹಸಿರು ಬಣ್ಣ ಎಂದು ಸಾಕಿಕೊಂಡಿದ್ದರು. ಒರಿಜಿನಲ್ ಕಾಲೇ ಆಗಬೇಕೆಂದು ಹಟ.

"ಈಗ ಇದನ್ನ ಸಾರು ಮಾಡ್ಲಾ, ಇಲ್ಲ ಗಾಡಿಗೇ ಕಟ್ತೀರಾ? ಒಂದು ಹೇಳ್ಬುಡಿ," ಎಂದಳು ಹೆಂಡತಿ ವೇದಾವತಿ.

ನಗುವ ಹೊತ್ತಲ್ಲ ಅದು. ಬೆಳಗಾದರೆ ಆಗಸ್ಟ್ ಹದಿನೈದು. ನಿವೃತ್ತರಾಗಿ ಹನ್ನೆರಡು ವರ್ಷ, ಮಧುಗಿರಿಯ ಮೈದಾನಕ್ಕೆ ಅವರನ್ನು ಬಾವುಟದ ದಿನ ಒಬ್ಬರೂ ಕರೆದಿರಲಿಲ್ಲ. ಈ ಸಲ ಸ್ತಬ್ಧಚಿತ್ರ ಸಮಿತಿಯ ಸಂಜೀವಯ್ಯ ತಾವೇ ಮನೆಗೆ ಬಂದು, "ನಿಮ್ಮ ಟ್ರೈಲರ್ ಮೇಲೆ ನೀವೇ ನಿಂತು ಸೆಲ್ಯೂಟ್ ಹೊಡೀಬೇಕು ರಾಜಣ್ಣ" ಎಂದಿದ್ದರು. ಅವತ್ತಿನಿಂದ ಆ ಮನುಷ್ಯ ನಿದ್ದೆಯಲ್ಲೂ ಸೆಲ್ಯೂಟ್ ಹೊಡೆಯುತ್ತಿದ್ದರು. ವೇದಾವತಿ ಪದಕಗಳನ್ನು ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕಿದ್ದಳು. ಬೇರೆ ದಾರಿಯಿಲ್ಲದೆ ಅವರು ಪೈಪಿಗೆ ಒಪ್ಪಿದರು, ಅಶ್ವತ್ಥ ಸಂಜೆಯೊಳಗೆ ಬೆಸುಗೆ ಹಾಕಿದ.

ಮೈದಾನ ತಲುಪುವವರೆಗೆ ಎಲ್ಲ ಸಲೀಸು. ಬಾವುಟ ಏರುವ ಮುಂಚೆ ಟ್ರ್ಯಾಕ್ಟರುಗಳೆಲ್ಲ ಆಚೆ ಹೋಗಬೇಕೆಂದು ಮೈಕಿನಲ್ಲಿ ಕೂಗಿದರು. ಅಶ್ವತ್ಥ ಕೊಂಡಿ ಬಿಚ್ಚಿ ಟ್ರ್ಯಾಕ್ಟರ್ ಹೊರಗೆ ಒಯ್ದ. ನರಸಿಂಹರಾಜು, ಅವರ ಹಿಂದೆ ಸೈನಿಕರ ವೇಷದ ಎಂಟು ಮಕ್ಕಳು ಟ್ರೈಲರ್ ಹತ್ತಿದ್ದೇ ತಡ, ಪೈಪು ನುಗ್ಗೆಕಾಯಿಯಂತೆ ಬಾಗಿತು. ಮೂತಿಯ ಕೆಳಗೆ ಕಲ್ಲು ಕೊಡೋಣವೆಂದರೆ ಮೈದಾನದೊಳಕ್ಕೆ ಕಲ್ಲು ದೊಣ್ಣೆ ತರುವಂತಿಲ್ಲ. ಊರ ನೆತ್ತಿಯ ಮೇಲೆ ಅಷ್ಟೆತ್ತರದ ಬೆಟ್ಟ, ಇಡೀ ಬೆಟ್ಟವೇ ಒಂದು ಕಲ್ಲು. ಒಳಗೆ ಮಾತ್ರ ಹಿಡಿಗಲ್ಲಿಗೂ ಗತಿಯಿಲ್ಲ. ಪ್ಲಾಸ್ಟಿಕ್ ಕುರ್ಚಿ ಕೊಟ್ಟರು, ಅಪ್ಪಚ್ಚಿಯಾಯಿತು. ಮಕ್ಕಳನ್ನು ಹಿಂದಕ್ಕೆ ತಳ್ಳಿದರೆ ಟ್ರೈಲರಿನ ಮೂತಿ ಆಕಾಶ ನೋಡುತ್ತದೆ, ಮುಂದಕ್ಕೆ ಕರೆದರೆ ನೆಲ ಮುಟ್ಟುತ್ತದೆ.

"ಇನ್ನೆರಡೇ ನಿಮಿಷ. ಯಾರಾನ ಹಿಡ್ಕಳ್ರಪ್ಪ," ಎಂದರು ಸಂಜೀವಯ್ಯ.

ಯಾರೂ ಅಲುಗಲಿಲ್ಲ. ಎಲ್ಲಿ ಹಿಡಿಯಬೇಕೆಂದು ತಿಳಿದಿದ್ದವರು ಅಲ್ಲಿ ಒಬ್ಬರೇ. ನರಸಿಂಹರಾಜು ಇಳಿದು ಬಂದು ಮೂತಿಯನ್ನು ಸೊಂಟದ ಮಟ್ಟಕ್ಕೆ ಎತ್ತಿ ಎರಡೂ ಕೈಯಲ್ಲಿ ಹಿಡಿದು ನಿಂತರು. ಹಾಗೆ ಹಿಡಿಯಬೇಕೆಂದರೆ ಟ್ರೈಲರಿಗೆ ಮುಖ ಮಾಡಿ ನಿಲ್ಲಬೇಕು, ಬಾವುಟಕ್ಕೆ ಬೆನ್ನು.

"ಸೆಲ್ಯೂಟು?" ಎಂದರು ಏದುಸಿರಿನಲ್ಲಿ.

"ನಾನ್ ನೋಡ್ಕಂತೀನಿ ಬುಡಿ ರಾಜಣ್ಣ." ಸಂಜೀವಯ್ಯ ಅವರ ತಲೆಯ ಮೇಲಿನ ಮಿಲಿಟರಿ ಟೋಪಿ ತೆಗೆದು ತಮಗೆ ಹಾಕಿಕೊಂಡು ಮೇಲೆ ಹತ್ತಿದರು. ಭಾರ ಇನ್ನೊಂದು ಮಣ ಹೆಚ್ಚಿತು.

ಬ್ಯಾಂಡು ಶುರುವಾಯಿತು. ಬಾವುಟ ಏರುವುದನ್ನು ನರಸಿಂಹರಾಜು ಮಕ್ಕಳ ಕಣ್ಣಿನಲ್ಲಿ ನೋಡಿದರು. ಬಲಗೈ ತಾನಾಗಿಯೇ ಹಣೆಗೆ ಹೊರಟಿತು. ಟ್ರೈಲರು ಜಗ್ಗಿ ಮಕ್ಕಳು ಕಿರುಚಿದವು, ಕೈ ಮತ್ತೆ ಕಬ್ಬಿಣಕ್ಕೆ ಬಂತು. ಮೇಲೆ ಸಂಜೀವಯ್ಯ ಬಲಗೈಯಲ್ಲಿ ಕಂಬಿ ಹಿಡಿದು ಎಡಗೈಯಲ್ಲಿ ಸೆಲ್ಯೂಟ್ ಹೊಡೆಯುತ್ತಿದ್ದರು.

"ಬಲಗೈ ಸಂಜೀವಯ್ಯೋರೆ, ಬಲಗೈ," ಎಂದು ಪಿಸುಗುಟ್ಟಿ ನರಸಿಂಹರಾಜು ತಮ್ಮ ಎರಡು ಹಿಮ್ಮಡಿಗಳನ್ನು ಜೋಡಿಸಿದರು. ಅಷ್ಟು ಮಾತ್ರ ಅವರಿಂದ ಸಾಧ್ಯವಿತ್ತು.

ಬೆನ್ನ ಹಿಂದಿನಿಂದ ಫೋಟೋಗ್ರಾಫರ್ ಕೂಗಿದ: "ಏಯ್, ಮುಂದೆ ಅಡ್ಡ ನಿಂತಿರೋನೆ, ಸ್ವಲ್ಪ ಬಗ್ಗಪ್ಪ. ಮಿಲಿಟ್ರಿಯೋರು ಕಾಣ್ತಿಲ್ಲ."