ಎರವಲು ತಂದ ಸೀಟಿ

ಮಣ್ಣು ಮಾಡಲು ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಆಸ್ಪತ್ರೆಯವರು ಕೊಟ್ಟಿದ್ದ ಚೀಲದಿಂದ ಅವಳು ಗಂಡನ ಖಾಕಿ ಅಂಗಿ ತೆಗೆದು ನೀರಿಗೆ ಹಾಕಿದಳು. ಜೇಬಿನಲ್ಲಿ ಹಿತ್ತಾಳೆಯ ಸೀಟಿಯಿತ್ತು. ತನ್ನದು ಕಳೆದುಹೋಯಿತೆಂದು ಅವನು, ಕರಡಿ ಮೇಲೆಬಿದ್ದ ಆ ದಿನ, ಗಸ್ತಿನ ಜೊತೆಗಾರನಿಂದ ಎರವಲು ತಂದದ್ದು. ಅದನ್ನು ತೊಳೆದು ಒರೆಸಿಕೊಂಡು, ಕಾಡುಗಾವಲಿನವರ ಸಾಲುಮನೆಗಳಲ್ಲಿ ಕೊನೆಯದಕ್ಕೆ ನಡೆದಳು.

ಜೊತೆಗಾರ ಅಂಗಳದಲ್ಲಿ ಬೂಟು ಉಜ್ಜುತ್ತಿದ್ದ. ಎಲೆ ಉದುರಿದರೂ ಕೇಳಿಸುತ್ತದೆಂದು ಎಲ್ಲರೂ ಅವನನ್ನು ಕಿವಿರಾಯ ಎಂದೇ ಕರೆಯುತ್ತಿದ್ದರು. ಕಾಡಿನಲ್ಲಿ ಅವರದೊಂದು ಕಟ್ಟಳೆ: ಮುಂದೆ ಹೋದವನು ಸೀಟಿ ಊದಿದರೆ ಹಿಂದಿನವನು ಪಟಾಕಿ ಸಿಡಿಸುತ್ತ ಓಡಿಬರಬೇಕು.

"ಅಯ್ಯೋ, ಅದನ್ಯಾಕೆ ತಂದ್ರಿ ಅತ್ತಿಗೆ? ಕೆಟ್ಟ ಸೀಟಿ ಅದು," ಎಂದ, ಬೂಟಿನಿಂದ ಕಣ್ಣೆತ್ತದೆ. "ನಾನು ಹಳ್ಳದ ಈ ದಡದಲ್ಲೇ ಇದ್ದೆ. ಊದಿದ್ದು ಕೇಳಿಸಿದ್ರೆ ಬರ್ದೇ ಇರ್ತಿದ್ನಾ? ಆ ಕರಡಿ ನನ್ನ ಹೆಣ ದಾಟ್ಕೊಂಡೇ ಅಣ್ಣನ ಹತ್ರ ಹೋಗ್ಬೇಕಿತ್ತು."

"ಕೆಟ್ಟಿದೆ ಅಂತ ಅವರಿಗೆ ಹೇಳಿದ್ಯಾ?"

"ಮರ್ತುಬಿಟ್ಟೆ."

ಅವಳು ಸೀಟಿಯನ್ನು ತುಟಿಗಿಟ್ಟು ಉಸಿರಿರುವಷ್ಟೂ ಊದಿದಳು. ಹಳ್ಳದಾಚೆ, ಗಂಡ ಬಿದ್ದಿದ್ದ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ಜಿಂಕೆಗಳೆಲ್ಲ ಒಮ್ಮೆಲೇ ತಲೆಯೆತ್ತಿ ಇತ್ತ ನೋಡಿದವು. ತಲೆಯೆತ್ತದೆ ಉಳಿದವನು ಕಿವಿರಾಯನೊಬ್ಬನೇ. ಬೂಟು ಉಜ್ಜುತ್ತಿದ್ದ ಅವನ ಕೈ ನಿಂತಿತ್ತು.

ಅವಳು ಆ ಕೈಯನ್ನು ಬಿಡಿಸಿ, ಸೀಟಿಯನ್ನು ಅಂಗೈಯಲ್ಲಿಟ್ಟಳು.

"ತಗೋ, ಚೆನ್ನಾಗೇ ಇದೆ."