ಎಡ ಹುಬ್ಬಿನ ಗಾಯ

ಈ ರಕ್ತ ನಿಲ್ಲದಿರಲಿ ಎಂದು ಹತ್ತಿಯಣ್ಣ ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡ.

ಬೇಡಿಕೆ ಅವನ ಕಸುಬಿಗೇ ವಿರುದ್ಧವಾಗಿತ್ತು. ಎರಡು ಸುತ್ತುಗಳ ನಡುವೆ ಸಿಗುವ ಒಂದೇ ನಿಮಿಷದಲ್ಲಿ ಬಾಕ್ಸರನ ಗಾಯ ಮುಚ್ಚಿ ಅವನನ್ನು ಮತ್ತೆ ರಿಂಗಿಗೆ ಕಳಿಸುವುದು ಅವನ ಕೆಲಸ. ಕಿವಿಯ ಹಿಂದೆ ಸದಾ ಹತ್ತಿ ಸುತ್ತಿದ ಕಡ್ಡಿ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಈ ಹೆಸರು ಅಂಟಿತ್ತು. ನಿಜವಾದ ಹೆಸರು ಸಂಬಳ ಕೊಡುವವರಿಗೂ ಮರೆತುಹೋಗಿತ್ತು.

ಮೂಟೆ ಸ್ಟೂಲಿನ ಮೇಲೆ ಧೊಪ್ಪನೆ ಕುಸಿದು ಕೂತ. ನೂರಹತ್ತು ಕಿಲೋ ತೂಗುವ ಹೆವಿವೇಟ್ ಬಾಕ್ಸರ್. ಎಡ ಹುಬ್ಬು ಸೀಳಿ ರಕ್ತ ರೆಪ್ಪೆಗೆ ಇಳಿಯುತ್ತಿತ್ತು. ರೆಫರಿ ಬಗ್ಗಿ ನೋಡಿದ.

"ಇನ್ನೊಂದು ಸಲ ಕಣ್ಣಿಗೆ ರಕ್ತ ಇಳೀತು ಅಂದ್ರೆ ಪಂದ್ಯ ನಿಲ್ಲಿಸಿಬಿಡ್ತೀನಿ."

ನಿಲ್ಲಿಸಪ್ಪಾ, ನಿನಗೆ ಪುಣ್ಯ ಬರುತ್ತೆ ಎಂದಿತು ಹತ್ತಿಯಣ್ಣನ ಮನಸ್ಸು. ಬಾಯಿ ಮಾತ್ರ ಅಭ್ಯಾಸಬಲದಿಂದ, "ಮುಚ್ತೀನಿ ಬಿಡಿ" ಎಂದಿತು.

ಹೆಂಡತಿಯ ಫೋನು ಬಂದದ್ದು ಪಂದ್ಯಕ್ಕೆ ಮುಂಚೆ, ಕೈಗಳಿಗೆ ಪಟ್ಟಿ ಸುತ್ತುವ ಹೊತ್ತಿಗೆ.

"ಬೆಳಿಗ್ಗೆ ಮಗ ಮನೆಗೆ ಬಂದಿದ್ದ ರೀ. ತಿಂದಿದ್ದೆಲ್ಲ ವಾಂತಿ ಮಾಡ್ಕೊಂಡ. ಒಂದು ಲೋಟ ಇಟ್ರೆ ಎರಡು ಕಾಣುತ್ತೆ ಅಂತ ಬಾಯಿ ತಪ್ಪಿ ಅಂದ. ಅಭ್ಯಾಸ ಮಾಡುವಾಗ ತಲೆಗೆ ಜೋರಾಗಿ ಏಟು ಬಿದ್ದಿತ್ತಂತೆ. ಅಪ್ಪನಿಗೆ ಹೇಳಬೇಡ ಅಂತ ಆಣೆ ಮಾಡಿಸ್ಕೊಂಡು ಹೋದ." ಅವಳು ಅಳುತ್ತಿರಲಿಲ್ಲ. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು. "ಇನ್ನೊಂದು ಏಟು ತಲೆಗೆ ಬಿದ್ರೆ ಮಗ ನಮಗೆ ಉಳಿಯಲ್ಲ. ನೀವು ಅಲ್ಲೇ ಇದ್ದೀರಲ್ಲ, ಹೇಗಾದ್ರೂ ಮಾಡಿ ನಿಲ್ಲಿಸಿ."

ಅಲ್ಲೇ ಇದ್ದ, ನಿಜ. ಇದ್ದು ಏನು ಕಡಿದು ಕಟ್ಟೆ ಹಾಕಿದ? ಮಗನಿಗೆ ಬುದ್ಧಿ ಹೇಳುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಈ ಹೊಡೆದಾಟ ಬಿಡು ಎಂದು ಹೇಳಿ ಹೇಳಿ ಅಪ್ಪನ ನಾಲಗೆ ಸವೆದಿತ್ತು. ಹಾಗಾಗಿ ಪಂದ್ಯದ ಡಾಕ್ಟರ ಬಳಿ ಓಡಿದ.

"ನನ್ನ ಮಗ, ಡಾಕ್ಟ್ರೇ. ತಲೆಗೆ ಪೆಟ್ಟಾಗಿದೆ. ರಿಂಗಿಗೆ ಬಿಡಬೇಡಿ."

ಡಾಕ್ಟರು ನಕ್ಕು ಬೆನ್ನು ತಟ್ಟಿದರು. "ಇಲ್ಲಿಗೆ ಬರೋರೆಲ್ಲ ನಿಮಗೆ ಮಕ್ಕಳೇ, ನಂಗೊತ್ತಿಲ್ವಾ ಹತ್ತಿಯಣ್ಣ? ನಿನ್ನೆ ತಾನೇ ಇಬ್ಬರನ್ನೂ ನೋಡಿದ್ದೀನಿ, ಗುಂಡುಕಲ್ಲಿನ ಹಾಗಿದ್ದಾರೆ. ನಿಮ್ಮ ಕಡೆಯಿಂದ ಇಂಥ ಮಾತು ಬಂದ್ರೆ ಸೋಲೋ ಭಯಕ್ಕೆ ಹೇಳ್ತಿದ್ದಾರೆ ಅಂತಾರೆ ಜನ."

"ಅಲ್ಲ ಡಾಕ್ಟ್ರೇ, ಸ್ವಂತ..."

ಅಷ್ಟರಲ್ಲಿ ಯಾರೋ ಕರೆದರು. ಡಾಕ್ಟರು ಹೊರಟೇಹೋದರು.

ಮೂಟೆಗೆ ಎದುರಾಗಬೇಕಿದ್ದ ಬಾಕ್ಸರು ಪಕ್ಕೆಲುಬು ಮುರಿದುಕೊಂಡಿದ್ದ. ಇವತ್ತು ಬಂದವನು ಕೊನೆಗಳಿಗೆಯಲ್ಲಿ ಸಿಕ್ಕ ಬದಲಿ. ಪೋಸ್ಟರಿನಲ್ಲಿ ಅವನ ಮುಖವೂ ಇರಲಿಲ್ಲ. ಎರಡೇ ಸುತ್ತಿನಲ್ಲಿ ಮಲಗುತ್ತಾನೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಬದಲಿ ಗಟ್ಟಿ ಪಿಂಡ. ಐದು ಸುತ್ತು ನಿಂತ, ಮೂಟೆಯ ಹುಬ್ಬನ್ನೂ ಸೀಳಿದ. ಅಷ್ಟು ಹೊತ್ತೂ ಹತ್ತಿಯಣ್ಣನ ಕಣ್ಣು ಮಗನ ಮೇಲಿಂದ ಕದಲಲಿಲ್ಲ. ಎಡಗಾಲು ಒಂಚೂರು ಎಳೆಯುತ್ತಿತ್ತು. ಬೇರೆ ಯಾರೂ ಅದನ್ನು ಗಮನಿಸಿದಂತಿರಲಿಲ್ಲ.

"ಟವೆಲ್ ಎಸೆದುಬಿಡಿ ಕೋಚ್, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಈಗ ಸ್ಟೂಲಿನ ಹಿಂದೆ ನಿಂತಿದ್ದ ಮೂಟೆಯ ಕೋಚಿನ ಕಿವಿಯಲ್ಲಿ ಪಿಸುಗುಟ್ಟಿದ. ಟವೆಲ್ ಎಸೆದರೆ ಸೋಲು ಒಪ್ಪಿಕೊಂಡಂತೆ, ಪಂದ್ಯ ಅಲ್ಲಿಗೆ ಮುಗಿಯುತ್ತದೆ.

ಕೋಚ್ ಕಣ್ಣು ಕೆಂಪಗೆ ಮಾಡಿದ. "ತಲೆ ಕೆಟ್ಟಿದೆಯಾ? ಗೆಲ್ತಾ ಇರೋನಿಗೆ ಟವೆಲ್ಲಾ? ನಿಮ್ಮ ಕೆಲಸ ಹುಬ್ಬು. ಹುಬ್ಬು ನೋಡ್ಕೊಳಿ."

ಸರಿ, ಉಳಿದದ್ದು ಹುಬ್ಬೊಂದೇ. ಔಷಧವನ್ನು ಮೇಲೆ ಮೇಲೆ ಸವರಿದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ರಕ್ತ ಇಳಿಯುತ್ತದೆ, ಪಂದ್ಯ ನಿಲ್ಲುತ್ತದೆ. ಮೂಟೆ ಸೋಲುತ್ತಾನೆ, ಮಗ ಉಳಿಯುತ್ತಾನೆ.

ಆ ಸೋಲು ಸಣ್ಣದಲ್ಲ. ಹದಿನೇಳನೆಯ ವಯಸ್ಸಿಗೆ ಗೋದಾಮಿನಲ್ಲಿ ಚೀಲ ಹೊರುತ್ತಿದ್ದವನು ಮೂಟೆ; ಹೆಸರು ಅಲ್ಲಿಂದಲೇ ಬಂದದ್ದು. ಆಮೇಲೆ ವರ್ಷಗಟ್ಟಲೆ ದೊಡ್ಡ ಬಾಕ್ಸರುಗಳ ಅಭ್ಯಾಸಕ್ಕೆ ಮೈಯೊಡ್ಡಿ ಹೊಡೆಸಿಕೊಂಡು ಹೊಟ್ಟೆ ಹೊರೆದ. ಮೂಗು ಚಪ್ಪಟೆಯಾಯಿತು, ಎರಡು ಬೆರಳು ಮಡಚಲು ಬಾರದಾದವು. ಇವತ್ತು ಗೆದ್ದರೆ ಚಾಂಪಿಯನ್ ಪಟ್ಟಕ್ಕೆ ಸೆಣಸುವ ಅವಕಾಶ. ಮೂವತ್ತಾರರ ಬಾಕ್ಸರನಿಗೆ ಇನ್ನೊಂದು ಅವಕಾಶ ಕನಸಿನ ಮಾತು. ಮೊದಲ ಪಂದ್ಯದಿಂದಲೂ ಈ ಹುಬ್ಬನ್ನು ಮುಚ್ಚಿದ್ದು ಹತ್ತಿಯಣ್ಣನ ಬೆರಳುಗಳೇ.

ಕಡ್ಡಿಯನ್ನು ಹಗುರವಾಗಿ ತೇಲಿಸಿದ. ರಕ್ತ ಜಿನುಗುತ್ತಲೇ ಇತ್ತು.

ಮೂಟೆ ತೆರೆದಿದ್ದ ಒಂದು ಕಣ್ಣಿನಿಂದ ಅವನನ್ನೇ ನೋಡಿದ. "ಮನೇಲಿ ಮಗಳು ಟೀವಿ ಮುಂದೆ ಕೂತಿದ್ದಾಳೆ. ನಿಮ್ಮ ಕೈ ಇರೋ ತನಕ ನಂಗೆ ಭಯ ಇಲ್ಲ."

ಹಾಳಾದ ಕೈ. ಅದಕ್ಕೆ ಬೇರೆ ವಿದ್ಯೆಯೇ ಗೊತ್ತಿರಲಿಲ್ಲ. ಹೆಬ್ಬೆರಳು ತಾನಾಗಿ ಗಾಯದ ಎರಡು ಅಂಚುಗಳನ್ನು ಕೂಡಿಸಿತು, ಕಡ್ಡಿ ಆಳಕ್ಕಿಳಿದು ಒತ್ತಿ ನಿಂತಿತು, ಮೇಲೆ ವ್ಯಾಸಲೀನ್ ಮೆತ್ತಿಕೊಂಡಿತು. ಬೇಡ, ಬೇಡ ಎಂದು ಮನಸ್ಸು ಗೋಗರೆಯುತ್ತಿದ್ದಾಗಲೇ ರಕ್ತ ನಿಂತುಹೋಯಿತು. ರೆಫರಿ ನೋಡಿ ತಲೆಯಾಡಿಸಿದ. ಗಂಟೆ ಹೊಡೆಯಿತು.

ಹತ್ತಿಯಣ್ಣ ಹಗ್ಗ ಹಿಡಿದು ನಿಂತ. ಪಂದ್ಯ ನಡೆಯುವಾಗ ಕೆಳಗಿನವರು ಯಾರೂ ರಿಂಗು ಹತ್ತುವಂತಿಲ್ಲ, ಕೂಗಿದರೂ ಗದ್ದಲದಲ್ಲಿ ಕೇಳಿಸುವುದಿಲ್ಲ. ಹುಬ್ಬಿನಿಂದ ಒಂದು ತೊಟ್ಟೂ ಉದುರಲಿಲ್ಲ. ಎರಡೂ ಕಣ್ಣು ತೆರೆದ ಮೂಟೆ ಬದಲಿಯನ್ನು ಹಗ್ಗಕ್ಕೆ ಒತ್ತಿ ಬಲಗೈ ಬೀಸಿದ. ಬದಲಿ ನಿಂತಲ್ಲೇ ಕುಸಿದ. ರೆಫರಿ ಹತ್ತು ಎಣಿಸಿ ಮುಗಿಸಿದರೂ ಮಿಸುಕಲಿಲ್ಲ.

ಜನ ಎದ್ದು ಕುಣಿದರು. ಕೋಚ್ ಹತ್ತಿಯಣ್ಣನ ಕೈ ಹಿಡಿದು ಮುತ್ತಿಟ್ಟ. "ಗೆಲ್ಲಿಸಿದ್ದು ಈ ಕೈ" ಎಂದ. ರಿಂಗಿನ ನಡುವೆ ಮೂಟೆ ಎರಡೂ ತೋಳು ಚಾಚಿ ಅವನಿಗಾಗಿ ಕಾದು ನಿಂತಿದ್ದ.

ಮುದುಕ ಹಗ್ಗದಡಿ ನುಸುಳಿ ಓಡಿದ. ಚಾಚಿದ ತೋಳುಗಳನ್ನು ದಾಟಿ ಹೋಗಿ, ಕೆಳಗೆ ಬಿದ್ದಿದ್ದ ಬದಲಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡ.

"ಏಳೋ ಮಗನೇ. ನಿಮ್ಮಮ್ಮನಿಗೆ ನಾನು ಏನಂತ ಹೇಳ್ಲಿ?"